ಬಿಳಿಗಾರದ ದಾಯಾದಿ

ಬನಾರಸಿನಲ್ಲಿ ತುಟಿ ಕೆಂಪಗಿಲ್ಲದ ಗಂಡಸು ಸಿಗುವುದು ಅಪರೂಪ. ನಮ್ಮ ರಸಾಯನಶಾಸ್ತ್ರ ವಿಭಾಗದ ಸ್ಟೋರಿನಲ್ಲಿ ಅಂಥವರೊಬ್ಬರಿದ್ದರು, ಅದೂ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಮಾತ್ರ. ಐದು ಹೊಡೆದದ್ದೇ ಸ್ಟೋರಿಗೆ ಬೀಗ ಜಡಿದು, ಮೊಳಕೈವರೆಗೆ ಸೋಪು ಹಚ್ಚಿ ಎರಡು ಸಲ ಕೈ ತೊಳೆದು, ಬಾಯಿ ಮುಕ್ಕಳಿಸಿ, ವರಾಂಡದಾಚೆಯ ಬೇವಿನ ಕೊಂಬೆಗೆ ಕಟ್ಟಿದ್ದ ಎಲೆಯ ಪೊಟ್ಟಣ ಬಿಚ್ಚುತ್ತಿದ್ದರು. ಒಳಗೆ ಎರಡು ಬೀಡಾ. ಕಣ್ಣು ಮುಚ್ಚಿ ಮೊದಲನೆಯದನ್ನು ದವಡೆಗೆ ಒತ್ತಿಕೊಂಡ ಐದು ನಿಮಿಷದಲ್ಲಿ ಆ ಬಿಳಿಚಿದ ತುಟಿಗಳಿಗೆ ಕುಂಕುಮದ ಬಣ್ಣ ಬರುತ್ತಿತ್ತು. ಮನುಷ್ಯ ಹತ್ತು ವರ್ಷ ಚಿಕ್ಕವರಾಗುತ್ತಿದ್ದರು. ವೀಳ್ಯವನ್ನು ಅವರಷ್ಟು ಪ್ರೀತಿಸಿದವರನ್ನು ನಾನು ಆ ಊರಿನಲ್ಲೂ ಕಂಡಿಲ್ಲ. ಆದರೂ ಏಳು ಗಂಟೆ ಕಾಲ ಅದನ್ನು ಮರದ ಮೇಲೆ ಕಾಯಿಸುತ್ತಿದ್ದರು.

"ಸ್ಟೋರಿನೊಳಗೆ ನನ್ನ ಬೆರಳು ನನ್ನದಲ್ಲ ಬಿಟಿಯಾ," ಎಂದಿದ್ದರು ಒಮ್ಮೆ, ನನ್ನನ್ನು ಹಿಂದಿಯಲ್ಲಿ ಮಗಳೇ ಎಂದು ಕರೆದು. "ಯಾವ್ಯಾವ ಶೀಶೆ ಮುಟ್ಟಿರತದೋ ಅದಕ್ಕೇ ನೆನಪಿರೋದಿಲ್ಲ. ಅಂಥ ಬೆರಳನ್ನ ಬಾಯಿಗೆ ಹೆಂಗೆ ಇಡಲಿ?"

ವಿಭಾಗದವರೆಲ್ಲ ಅವರನ್ನು ಪಂಡಿತ್‌ಜಿ ಎನ್ನುತ್ತಿದ್ದರು. ನಾನು ಮಾವ ಎನ್ನುತ್ತಿದ್ದೆ. ನಾನು ದಾವಣಗೆರೆಯಿಂದ ಸಂಶೋಧನೆಗೆಂದು ಅಲ್ಲಿಗೆ ಹೋದದ್ದು ಎರಡು ಸಾವಿರದ ಮೂರರ ಸುಮಾರಿಗೆ. ಇಡೀ ವಿಭಾಗದಲ್ಲಿ ಕನ್ನಡ ಬಲ್ಲವರು ಅವರೊಬ್ಬರೇ. ಅವರ ಮನೆತನ ಕೇದಾರ ಘಾಟಿನ ಹಿಂದಿನ ಗಲ್ಲಿಯಲ್ಲಿ ಮೂರು ತಲೆಮಾರಿನಿಂದ ಕರ್ನಾಟಕದ ಯಾತ್ರಿಕರಿಗೆ ಪಿತೃಕಾರ್ಯ ಮಾಡಿಸುತ್ತ ಬಂದದ್ದು. ತಮ್ಮ ಅದನ್ನೇ ಮುಂದುವರಿಸಿದ್ದ. ಇವರು ಮಾತ್ರ ಬಿ.ಎಸ್ಸಿ. ಓದಿ ಸ್ಟೋರಿನ ಬೀಗದ ಕೈ ಹಿಡಿದರು. ಕರ್ನಾಟಕದಲ್ಲಿ ಒಂದು ತಿಂಗಳೂ ಇದ್ದವರಲ್ಲ. ಅವರ ಕನ್ನಡ ಅರ್ಧ ತಾಯಿಯದು, ಅರ್ಧ ಯಾತ್ರಿಕರದು. ಹೀಗಾಗಿ ಒಂದೇ ಮಾತಿನಲ್ಲಿ ಉಡುಪಿಯ "ಉಂಟು", ರಾಯಚೂರಿನ "ಐತಿ" ಎರಡೂ ಬಂದು, ಕೊನೆಗೆ ಹಿಂದಿಯ "ಹೈ ನಾ?" ಸೇರಿಕೊಳ್ಳುತ್ತಿತ್ತು.

ನಮ್ಮ ಪರಿಚಯವಾದದ್ದು ಒಂದು ಬಿಳಿ ಪುಡಿಯ ದೆಸೆಯಿಂದ. ನನ್ನ ಕೆಲಸಕ್ಕೆ ಪೊಟ್ಯಾಸಿಯಂ ಫ್ಲೋರೋಬೋರೇಟ್ ಬೇಕಿತ್ತು. ಮಾರ್ಗದರ್ಶಕರ ಸಹಿಯಿದ್ದ ಚೀಟಿ ಹಿಡಿದು ಸ್ಟೋರಿನ ಕಿಂಡಿಯ ಮುಂದೆ ನಿಂತೆ. ಅವರು ಚೀಟಿ ಓದಿ, ಶೀಶೆ ಹುಡುಕುವ ಬದಲು ನನ್ನ ಮುಖ ನೋಡಿದರು.

"ಇದಕ್ಕೆ ಯಾರನ್ನ ಕಂಡರೆ ಆಗೋದಿಲ್ಲ?"

ಪ್ರಶ್ನೆಯೇ ಅರ್ಥವಾಗಲಿಲ್ಲ.

"ಈ ಪುಡಿಗೆ. ಯಾರ ಜೊತೆ ಸುಮ್ಮನಿರತದೆ, ಯಾರ ಜೊತೆ ಜಗಳ ಆಡತದೆ, ಸಿಟ್ಟು ಬಂದರೆ ಏನಾಗತದೆ? ಮೂರು ಮಾತು ಹೇಳು, ತಗೊಂಡು ಹೋಗು."

ನನಗೆ ಗೊತ್ತಿದ್ದದ್ದು ಅದರ ಅಣುತೂಕ ಒಂದೇ. ಅದನ್ನು ಹೇಳಿದೆ. ಅವರು ನಕ್ಕು ಚೀಟಿಯನ್ನು ನನ್ನ ಕಡೆಗೇ ತಳ್ಳಿದರು. "ಮದುವೆಗೆ ಗಂಡು ನೋಡೋಕೆ ಹೋಗಿ ಅವನ ತೂಕ ಎಷ್ಟು ಅಂತ ಕೇಳ್ತೀಯಾ? ನಾಳೆ ಬಾ."

ಅವಮಾನವಾಯಿತು. ಒಬ್ಬ ಸ್ಟೋರ್ ಕೀಪರ್ ನನ್ನನ್ನು ಪರೀಕ್ಷೆ ಮಾಡುವುದೇ? ಆದರೆ ಲೈಬ್ರರಿಯಲ್ಲಿ ಕೂತು ಓದುತ್ತ ಹೋದಂತೆ ಅವಮಾನ ಮರೆತುಹೋಯಿತು. ಆ ಪುಡಿಯ ಖನಿಜ ರೂಪ ಇಟಲಿಯ ಜ್ವಾಲಾಮುಖಿಯೊಂದರ ಬಾಯಲ್ಲಿ, ಬಿಸಿ ಆವಿ ಏಳುವ ಬಿರುಕುಗಳಲ್ಲಿ ಸಿಗುತ್ತದೆ ಎಂದು ತಿಳಿದು ಬೆರಗಾದೆ. ಸಾಣೆಕಲ್ಲು ಮಾಡುವವರು ಅದನ್ನು ಬಳಸುತ್ತಾರೆ, ಅಲ್ಯೂಮಿನಿಯಂ ಎರಕ ಹೊಯ್ಯುವವರು ಬಳಸುತ್ತಾರೆ, ಲೋಹಕ್ಕೆ ಲೋಹ ಬೆಸೆಯುವವರು ಬಳಸುತ್ತಾರೆ. ತಣ್ಣಗಿರುವ ತನಕ ಸಾಧು. ಬೆಂಕಿಯಲ್ಲಿ ಅತಿಯಾಗಿ ಕಾಯಿಸಿದರೆ ಒಡೆದು ವಿಷದ ಗಾಳಿ ಬಿಡುತ್ತದೆ. ಬಲವಾದ ಆಮ್ಲ ತಾಕಿದರೆ ಹೈಡ್ರೋಫ್ಲೋರಿಕ್ ಆಮ್ಲ ಹುಟ್ಟುತ್ತದೆ. ಅದು ಗಾಜನ್ನೂ ತಿನ್ನುತ್ತದೆ, ಮೂಳೆಯನ್ನೂ ತಿನ್ನುತ್ತದೆ.

ಮರುದಿನ ಇದನ್ನೆಲ್ಲ ಒಪ್ಪಿಸಿದೆ. ಜ್ವಾಲಾಮುಖಿಯ ಮಾತು ಬಂದಾಗ ಅವರ ಕಣ್ಣು ಅರಳಿತು. "ಹೌದೇನು! ಇದು ನನಗೆ ಗೊತ್ತಿರಲಿಲ್ಲ." ಮೂವತ್ತು ವರ್ಷದ ಅನುಭವದ ಮನುಷ್ಯ, ಮೊನ್ನೆ ಬಂದ ಹುಡುಗಿಯ ಮುಂದೆ ಅಷ್ಟು ಸಲೀಸಾಗಿ "ಗೊತ್ತಿರಲಿಲ್ಲ" ಎಂದದ್ದು ನನಗೆ ಹೊಸದು. ಆಮೇಲೆ ಶೀಶೆ ಕೊಡುವ ಮುಂಚೆ ಒಂದು ತಮಾಷೆ ತೋರಿಸಿದರು. ಚಿಟಿಕೆ ಪುಡಿಯನ್ನು ತಣ್ಣೀರಿನಲ್ಲಿ ಹಾಕಿ ಕಲಕಿದರು. ಕರಗಲಿಲ್ಲ, ತಳದಲ್ಲಿ ಕೂತಿತು. ಅದನ್ನೇ ಕುದಿಸಿದರು, ಮಾಯವಾಯಿತು. ಆರಲು ಬಿಟ್ಟರು, ಅರ್ಧ ಗಂಟೆಯಲ್ಲಿ ಸಣ್ಣ ಸಣ್ಣ ಹರಳು ಮಿನುಗುತ್ತ ತಳಕ್ಕಿಳಿದವು.

"ನಮ್ಮ ಅವ್ವನ ಡಬ್ಬಿಯಲ್ಲಿ ಬಿಳಿಗಾರ ಇರತಿತ್ತು. ಇಲ್ಲಿನವರು ಸುಹಾಗಾ ಅಂತಾರೆ, ಪುಸ್ತಕದಲ್ಲಿ ಬೋರಾಕ್ಸ್. ಈ ಪುಡಿ ಅದರ ದಾಯಾದಿ ಬಿಟಿಯಾ. ಒಂದೇ ಬೋರಾನಿನ ಮನೆತನ. ಆದರೆ ಇವನ ಸಹವಾಸ ಬೇರೆ, ಫ್ಲೋರಿನ್ ಮನೆಯಲ್ಲಿ ಬೆಳೆದವನು. ಬೆಳ್ಳಗಿದ್ದದ್ದೆಲ್ಲ ಹಾಲಲ್ಲ, ಉಪ್ಪೂ ಅಲ್ಲ."

ಅಂದಿನಿಂದ ದಿನಕ್ಕೊಂದು ಸಲವಾದರೂ ಸ್ಟೋರಿಗೆ ಹೋಗುವುದು ರೂಢಿಯಾಯಿತು. ಭಾನುವಾರ ಅವರ ಮನೆಯಲ್ಲಿ ಊಟ. ಅವರ ಹೆಂಡತಿಯನ್ನು ನಾನು ಅತ್ತೆ ಎನ್ನುತ್ತಿದ್ದೆ. ಅತ್ತೆ ಹುಳಿಗೆ ಬೆಲ್ಲ ಹಾಕಿದರೆ ಮಕ್ಕಳು ಹಿಂದಿಯಲ್ಲಿ ಗೊಣಗುತ್ತಿದ್ದರು.

ಆರು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಆ ಪುಡಿಯನ್ನೇ ಪ್ಲಾಟಿನಂ ಬಟ್ಟಲಿನಲ್ಲಿ ಗಂಧಕಾಮ್ಲದ ಜೊತೆ ಕಾಯಿಸಿ ವಿಶ್ಲೇಷಣೆ ಮಾಡುತ್ತಿದ್ದೆ. ಹೊಗೆ ಹೀರುವ ಗೂಡಿನೊಳಗೇ ಮಾಡಿದೆ, ಕೈಗವಸು ತೊಟ್ಟೇ ಮಾಡಿದೆ. ಗವಸಿನ ತುದಿಯಲ್ಲಿ ಸೂಜಿಮೊನೆಯಷ್ಟು ತೂತಿದ್ದದ್ದು ಕಾಣಲಿಲ್ಲ. ಬಟ್ಟಲು ತೊಳೆಯುವಾಗ ಎಡಗೈ ಉಂಗುರ ಬೆರಳಿಗೆ ತೇವ ತಾಕಿದಂತಾಯಿತು. ನೀರಿಗೆ ಹಿಡಿದು ಒರೆಸಿಕೊಂಡು ಮರೆತೆ. ಎರಡು ತಾಸಿನ ನಂತರ ಸ್ಟೋರಿನ ಕಿಂಡಿಯಲ್ಲಿ ಸೋಸುವ ಕಾಗದ ಕೇಳುತ್ತ, ಬೆರಳನ್ನು ತಿಕ್ಕಿಕೊಳ್ಳುತ್ತಿದ್ದೆ.

"ಏನಾಯ್ತು ಬೆರಳಿಗೆ?"

"ಏನಿಲ್ಲ ಮಾವ, ಸ್ವಲ್ಪ ಜುಂ ಅಂತಿದೆ. ಉರಿಯೇನಿಲ್ಲ."

"ಇವತ್ತು ಏನು ಮಾಡ್ತಿದ್ದೆ?"

ಹೇಳಿದೆ. ಅವರು ಕಿಂಡಿಯ ಪಕ್ಕದ ಬಾಗಿಲು ತೆರೆದು ನನ್ನ ಮಣಿಕಟ್ಟು ಹಿಡಿದು ನಲ್ಲಿಯ ಕಡೆಗೆ ಎಳೆದುಕೊಂಡೇ ಹೋದರು. "ಉರಿ ಇಲ್ಲ ಅಂದದ್ದೇ ಕೆಟ್ಟದ್ದು! ಉರಿದಿದ್ದರೆ ಆಗಲೇ ಬರತಿದ್ದೆ." ನೀರಿನ ಕೆಳಗೆ ನನ್ನ ಬೆರಳನ್ನು ಎಷ್ಟೋ ಹೊತ್ತು ಹಿಡಿದಿದ್ದರು. ಆಮೇಲೆ ತಮ್ಮ ಕಪಾಟಿನಿಂದ ಒಂದು ಡಬ್ಬಿ ತಂದು, ಬಿಳಿ ಲೋಳೆಯಂಥದ್ದನ್ನು ದಪ್ಪಗೆ ಮೆತ್ತಿ ಉಜ್ಜತೊಡಗಿದರು. ಕ್ಯಾಲ್ಸಿಯಂ ಗ್ಲುಕೋನೇಟ್ ಲೇಪ. ಯಾರೂ ಕೇಳದಿದ್ದರೂ ವರ್ಷವರ್ಷ ತಾವೇ ಹೊಸದಾಗಿ ಕಲಸಿಡುತ್ತಿದ್ದದ್ದು. ಅದರ ಮೇಲೆ ಹೊಸ ಗವಸು ತೊಡಿಸಿ, ರಿಕ್ಷಾ ಹತ್ತಿಸಿ, ಲಂಕಾ ಎಂಬ ಬಡಾವಣೆಯ ಆಸ್ಪತ್ರೆಗೆ ಕರೆದೊಯ್ದರು.

ದಾರಿಯಲ್ಲಿ ನೋವು ಶುರುವಾಯಿತು. ಮೂಳೆಯೊಳಗಿಂದ ಯಾರೋ ಕೊರೆದ ಹಾಗೆ. ನಾನು ಅಳತೊಡಗಿದೆ. ಅವರು ಲೇಪ ಉಜ್ಜುತ್ತಲೇ ಮಾತಾಡಿದರು.

"ಆ ಆಮ್ಲಕ್ಕೆ ಸುಣ್ಣದ ಹಸಿವು ಬಿಟಿಯಾ. ಚರ್ಮ ಅದಕ್ಕೆ ಬೇಡ, ಸುಣ್ಣ ಬೇಕು. ಸುಣ್ಣ ಎಲ್ಲಿರತದೆ? ಮೂಳೆಯಲ್ಲಿ. ಅದಕ್ಕೇ ಒಳಗೊಳಗೇ ಹೋಗತದೆ. ನಾವು ಇಲ್ಲೇ ಬಾಗಿಲಲ್ಲೇ ಹೊಟ್ಟೆ ತುಂಬ ಸುಣ್ಣ ಬಡಿಸಿಬಿಟ್ಟರೆ ಒಳಗೆ ಯಾಕೆ ಹೋಗತದೆ? ಹೈ ನಾ?"

ಆಗಲೇ ನಾನು ಅವರ ಬಲಗೈಯ ನಡುಬೆರಳನ್ನು ಮೊದಲ ಸಲ ಹತ್ತಿರದಿಂದ ಕಂಡದ್ದು. ಉಗುರಿರಲಿಲ್ಲ. ತುದಿ ಮೊಂಡಾಗಿ, ಒಣಗಿದ ಹುಣಸೆಬೀಜದ ಹಾಗಿತ್ತು. ನಾನು ನೋಡುತ್ತಿರುವುದು ಅವರಿಗೂ ತಿಳಿಯಿತು. "ಇಪ್ಪತ್ತೆರಡನೇ ವಯಸ್ಸು. ಉರಿ ಇಲ್ಲ ಅಂತ ನಾನೂ ಮನೆಗೆ ಹೋಗಿ ಮಲಗಿದ್ದೆ," ಎಂದಷ್ಟೇ ಹೇಳಿದರು.

ಆಸ್ಪತ್ರೆಯ ಡಾಕ್ಟರು ಲೇಪ ನೋಡಿ, ಇದನ್ನು ಮೊದಲೇ ಹಚ್ಚಿದವರು ಯಾರು ಎಂದು ಕೇಳಿದರು. ಒಂದು ಇಂಜೆಕ್ಷನ್ ಕೊಟ್ಟರು. ವಾರದಲ್ಲಿ ಬೆರಳು ನೆಟ್ಟಗಾಯಿತು. ಅಂದು ಬೇವಿನ ಕೊಂಬೆಯಲ್ಲಿ ಎಲೆಯ ಪೊಟ್ಟಣ ಹಾಗೇ ಒಣಗಿತಂತೆ.

ಇಷ್ಟೇ ಆಗಿದ್ದರೆ ಅವರು ನನ್ನ ಪಾಲಿಗೆ ಒಬ್ಬ ಉಪಕಾರಿ ಆಗಿರುತ್ತಿದ್ದರು. ಅವರಲ್ಲಿದ್ದ ಕುತೂಹಲ ಎಂಥದ್ದು ಎಂದು ತಿಳಿದದ್ದು ಮರುವರ್ಷ.

ಅತ್ತೆಯ ಹಿತ್ತಾಳೆ ಆರತಿಯ ಹಿಡಿ ಮುರಿದಿತ್ತು. ಬೆಸುಗೆ ಹಾಕಿಸಲು ಮಾವ ಹೊರಟಾಗ ನಾನೂ ಜೊತೆಗೆ ಹೋದೆ. ಚೌಕದ ಹಿಂದೆ ಒಂದು ಗಲ್ಲಿಯಲ್ಲಿ ಮಿಸ್ತ್ರಿಯೊಬ್ಬನ ಕೋಣೆ. ಸ್ಟೀಲಿನ ಪಾತ್ರೆಗಳಿಗೆ ಹಿತ್ತಾಳೆಯ ಹಿಡಿ, ಹಿತ್ತಾಳೆಯ ನವಿಲು ಕೂಡಿಸುವುದು ಅವನ ಕಸುಬು. ನಲವತ್ತರ ಪ್ರಾಯ. ದಪ್ಪ ಕನ್ನಡಕ, ನಡುನಡುವೆ ಒಣ ಕೆಮ್ಮು. ಹಿಡಿಯನ್ನು ಕಣ್ಣಿಗೆ ತೀರ ಹತ್ತಿರ ಹಿಡಿದು ನೋಡುತ್ತ, "ಕಣ್ಣು ಹೋಗ್ತಾ ಇವೆ ಪಂಡಿತ್‌ಜಿ," ಎಂದ ಹಿಂದಿಯಲ್ಲಿ. "ವರ್ಷದಲ್ಲಿ ಇದು ಎರಡನೇ ಕನ್ನಡಕ. ಡಾಕ್ಟರು ನಂಬರು ಬದಲಾಗಿಲ್ಲ ಅಂತಾನೆ. ನನಗೆ ಮಾತ್ರ ಎಲ್ಲಾ ಮಂಜು."

"ತೆಗೀ ನೋಡೋಣ," ಎಂದು ಮಾವ ಕನ್ನಡಕ ಇಸಿದುಕೊಂಡರು. ಬೆಳಕಿಗೆ ಹಿಡಿದರು. ಪಂಚೆಯ ಅಂಚಿನಿಂದ ಒರೆಸಿದರು, ಮತ್ತೆ ಹಿಡಿದರು. ಉಗುರಿನಿಂದ ಮೆಲ್ಲಗೆ ಗೀಚಿದರು. ನನ್ನ ಕೈಗೆ ಕೊಟ್ಟರು. ಗಾಜು ಕೊಳೆಯಾಗಿರಲಿಲ್ಲ, ಗಾಜೇ ನವಿರಾಗಿ ತರಚಿ ಮಂಜಾಗಿತ್ತು.

"ಮಿಸ್ತ್ರಿ, ನಿನ್ನ ಕಣ್ಣು ಸರಿ ಇವೆ. ನಿನ್ನ ಕನ್ನಡಕಕ್ಕೆ ಪೊರೆ ಬಂದಿದೆ."

ಅವನು ನಕ್ಕ. ಮಾವ ನಗಲಿಲ್ಲ. ಕೋಣೆಯಲ್ಲಿ ಎರಡು ಕಿಟಕಿ. ಒಲೆಯ ಮೇಲಿನ ಕಿಟಕಿಯ ಗಾಜಿಗೆ ಮಸಿ ಹಿಡಿದಿತ್ತು; ಮಾವ ಬೆರಳಿನಿಂದ ಉಜ್ಜಿದರೆ ಮಸಿ ಹೋಗಿ ಗಾಜು ಫಳ್ಳೆಂದಿತು. ಮೂಲೆಯಲ್ಲಿದ್ದ ಇನ್ನೊಂದು ಕಿಟಕಿಯ ಗಾಜು ಸ್ನಾನದ ಮನೆಯ ಗಾಜಿನ ಹಾಗೆ ಬೆಳ್ಳಗೆ ಮಸುಕಾಗಿತ್ತು, ಉಜ್ಜಿದರೂ ಹಾಗೇ. ಅದರ ಕೆಳಗೊಂದು ಪ್ಲಾಸ್ಟಿಕ್ ತೊಟ್ಟಿ, ಅದರಲ್ಲಿ ಬೆಸೆದ ಸಾಮಾನು ಬೆಳಗಿಸುವ ತೇಜಾಬು, ಅಂದರೆ ಆಮ್ಲ.

"ಬೆಸುಗೆಗೆ ಯಾವ ಸುಹಾಗಾ ಹಾಕ್ತೀಯಾ?"

"ಅಂಗ್ರೇಜಿ ಸುಹಾಗಾ. ಹಳೆಯದು ಸ್ಟೀಲಿಗೆ ನಾಟೋದಿಲ್ಲ. ಇದು ನೀರಿನ ಹಾಗೆ ಹರಿಯುತ್ತೆ." ಮಿಸ್ತ್ರಿಯ ಹೆಂಡತಿ ಅಡಿಗೆಮನೆಯ ಗೂಡಿನಿಂದ ಒಂದು ತಗಡಿನ ಡಬ್ಬಿ ತಂದು ತೋರಿಸಿದಳು. ಪಕ್ಕದಲ್ಲೇ ಹಿಟ್ಟಿನ ಡಬ್ಬಿ. ಆ ಬಿಳಿ ಪುಡಿಯನ್ನು ನೀರಲ್ಲಿ ಬರಿಗೈಯಿಂದ ಕಲಸಿಕೊಡುವವಳು ಅವಳೇ. ಡಬ್ಬಿಯ ಮೇಲೆ ಹೆಸರಿರಲಿಲ್ಲ.

ಮಾವ ಚಿಟಿಕೆ ಪುಡಿಯನ್ನು ಕಾಗದದಲ್ಲಿ ಕಟ್ಟಿಕೊಂಡರು. ಮರುದಿನ ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿದವಳು ನಾನು. ಬೆನ್ನ ಹಿಂದೆ ನಿಂತು ಎರಡೆರಡು ಗವಸು ತೊಡಿಸಿದವರು ಅವರು. ನೀಲಿ ಗಾಜಿನಿಂದ ನೋಡಿದಾಗ ಜ್ವಾಲೆ ನೇರಳೆ: ಪೊಟ್ಯಾಸಿಯಂ. ಇನ್ನೊಂದು ಪರೀಕ್ಷೆಯಲ್ಲಿ ಜ್ವಾಲೆ ಹಸಿರು: ಬೋರಾನ್. ಆಮ್ಲ ತಾಕಿಸಿ ಮೇಲೆ ಗಾಜಿನ ತುಂಡು ಇಟ್ಟರೆ, ಗಾಜು ಮಸುಕಾಯಿತು. ಅದು ಬೇರೆ ಯಾವುದೂ ಅಲ್ಲ, ನನ್ನದೇ ಪುಡಿ.

ಅಂದೇ ಸಂಜೆ ಮಾವ ಗಲ್ಲಿಗೆ ಓಡಿದರು. ಆಸ್ಪತ್ರೆಯ ದಿನ ಬಿಟ್ಟರೆ, ಬಾಯಲ್ಲಿ ಬೀಡಾ ಇಲ್ಲದೆ ನಾನು ಅವರನ್ನು ಐದರ ನಂತರ ನೋಡಿದ್ದು ಆಗ ಮಾತ್ರ. "ಇದು ವಿಷ, ಇವತ್ತೇ ಬಿಟ್ಟುಬಿಡು," ಎಂದರು ಬಾಗಿಲಲ್ಲೇ. ಮಿಸ್ತ್ರಿಯ ಮುಖ ಕೆಂಪಾಯಿತು.

"ಬಿಟ್ಟು? ಸ್ಟೀಲಿಗೆ ಹಿತ್ತಾಳೆ ನೀವು ಮಂತ್ರ ಹಾಕಿ ಕೂಡಿಸ್ತೀರಾ? ವಿಷ ಕುಡಿದವನ ಊರು ಇದು ಪಂಡಿತ್‌ಜಿ, ಇಲ್ಲಿ ಯಾರಿಗೂ ವಿಷದ ಭಯ ಹೇಳಬೇಡಿ. ನಡೀರಿ."

ವಾಪಸು ಬರುವಾಗ ಮಾವ ಘಾಟಿನ ಕಡೆಗೆ ತಿರುಗಿದರು. ಮೆಟ್ಟಿಲಿನಲ್ಲಿ ಕೂತು ಹೇಳಿದರು. "ತಪ್ಪು ನಂದೇ. ಏನು ಬಿಡಬೇಕು ಅಂತ ಹೇಳಿದೆ. ಏನು ಮಾಡಬೇಕು ಅಂತ ಹೇಳಲಿಲ್ಲ."

ಮುಂದಿನ ಮೂರು ವಾರ ಅವರನ್ನು ಹಿಡಿದದ್ದು ಒಂದೇ ಪ್ರಶ್ನೆ: ಮಿಸ್ತ್ರಿಗೆ ತೇಜಾಬು ಯಾಕೆ ಬೇಕು? ಗುಜರಿಯಿಂದ ಸ್ಟೀಲಿನ ಚೂರು ತಂದು, ಅದೇ ಪುಡಿ ಹಾಕಿ, ಹೊಗೆ ಹೀರುವ ಗೂಡಿನೊಳಗೆ ನಾವೇ ಬೆಸುಗೆ ಮಾಡಿ ನೋಡಿದೆವು. ಬೆಸುಗೆಯ ಸುತ್ತ ಗಾಜಿನಂಥ ಬಿಳಿ ಹಕ್ಕಳೆ ಕಟ್ಟಿತು. ತಣ್ಣೀರಿನಲ್ಲಿ ಬ್ರಷ್ ಹಾಕಿ ತಿಕ್ಕಿದೆ, ಜಪ್ಪಯ್ಯ ಅನ್ನಲಿಲ್ಲ. ಆಗ ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಮಿಸ್ತ್ರಿಯ ಹತ್ತಿರ ಇದ್ದದ್ದು ತಣ್ಣೀರು. ಹಕ್ಕಳೆ ಬಿಡದೆ, ಅವನು ಬಿಸಿ ಬಿಸಿ ಸಾಮಾನನ್ನೇ ತೇಜಾಬಿಗೆ ಹಾಕುತ್ತಿದ್ದ. ಆ ತೊಟ್ಟಿಯಲ್ಲೇ ಗಾಜು ತಿನ್ನುವ ಆಮ್ಲ ಹುಟ್ಟಿ, ಆವಿಯಾಗಿ ಕಿಟಕಿಗೂ ಕನ್ನಡಕಕ್ಕೂ ಅವನ ಎದೆಗೂ ಹೋಗುತ್ತಿತ್ತು. ಮಾವ ಕೆಟಲಿನಲ್ಲಿ ನೀರು ಕುದಿಸಿ, ಚೂರನ್ನು ಅದರಲ್ಲಿ ಮುಳುಗಿಸಿಟ್ಟರು. ಅದು ಹಾಗೇ ಇತ್ತು. ಮತ್ತೊಮ್ಮೆ ಕುದಿಸಿದರು. ಕಾಲು ಗಂಟೆ ಬಿಟ್ಟು ಬ್ರಷ್ ಆಡಿಸಿದಾಗ ಹಕ್ಕಳೆ ಪದರ ಪದರವಾಗಿ ಕಳಚಿಬಿತ್ತು. ಅವರು ಮಗುವಿನ ಹಾಗೆ ಚಪ್ಪಾಳೆ ತಟ್ಟಿದರು.

ಈ ಸಲ ಅವರು ಮಿಸ್ತ್ರಿಯ ಬಾಗಿಲಿಗೆ ಹೋದದ್ದು ಕೆಟಲು ಹಿಡಿದುಕೊಂಡು. ಉಪದೇಶ ಮಾಡಲಿಲ್ಲ. "ಒಂದು ಸಾಮಾನು ಕೊಡು, ಹಾಳಾದರೆ ಬಯ್ಯಿ," ಎಂದರು. ಮಿಸ್ತ್ರಿ ಅನುಮಾನದಿಂದಲೇ ಒಂದು ಲೋಟ ಬೆಸೆದು ಕೊಟ್ಟ. ಅದು ಸ್ವಲ್ಪ ಆರಿದ ಮೇಲೆ ಕುದಿನೀರಲ್ಲಿ ಬಿಟ್ಟು, ಬ್ರಷ್ ಆಡಿಸಿ, ಅವನ ಕೈಗಿಟ್ಟರು. ಅವನು ಬೆಸುಗೆಯ ಸುತ್ತ ಹೆಬ್ಬೆರಳು ಆಡಿಸಿದ. ಇನ್ನೊಂದು ಲೋಟ ತಾನೇ ಮಾಡಿದ. ಮೂರನೆಯದನ್ನೂ ಮಾಡಿದ. ಆಮೇಲೆ ಹೆಂಡತಿಯ ಕಡೆ ತಿರುಗಿ, "ಒಲೆ ಮೇಲೆ ದೊಡ್ಡ ಹಂಡೆ ಇಡು," ಎಂದ.

ಉಳಿದ ಮಾತು ಆಮೇಲೆ ಸುಲಭವಾಯಿತು. ಪುಡಿ ಕರಗಿ ನೀರಾದರೆ ಸಾಕು, ಹೊಗೆ ಏಳುವವರೆಗೆ ಕಾಯಿಸಬೇಡ. ಒಲೆಯ ಮೇಲೆ ಗಾಳಿ ಹೊರಗೆ ತಳ್ಳುವ ಫ್ಯಾನು ಹಾಕಿಸು. ಕಲಸುವಾಗ ಗವಸು, ರೊಟ್ಟಿ ಮುಟ್ಟುವ ಮುಂಚೆ ಸೋಪು. ಡಬ್ಬಿ ತೇಜಾಬಿನಿಂದ ದೂರ, ಅಡಿಗೆಮನೆಯಿಂದ ಇನ್ನೂ ದೂರ. ಡಬ್ಬಿಯ ಮೇಲೆ ಹೆಸರು ಬರೆಯೋಣವೆಂದರೆ ಮಿಸ್ತ್ರಿಯ ಹೆಂಡತಿಗೆ ಓದು ಬಾರದು. "ನಿನಗೆ ಯಾವುದನ್ನ ಕಂಡರೆ ಹೆದರಿಕೆ?" ಎಂದು ಮಾವ ಕೇಳಿದರು. ಅವಳು ಸ್ವಲ್ಪ ಯೋಚಿಸಿ, ಕೆಂಪು ಬಣ್ಣ ತಂದು, ಡಬ್ಬಿಯ ಮೇಲೆ ಒಂದು ಚೇಳು ಬರೆದಳು. ಕೊಂಡಿ ಮೇಲೆತ್ತಿದ ಎಂಥ ಚೇಳದು! ಮಾವ ಅದನ್ನು ಎಷ್ಟು ಮೆಚ್ಚಿದರೆಂದರೆ, ಮರುದಿನ ಸ್ಟೋರಿನ ಶೀಶೆಯ ಮೇಲೂ ಅಂಥದೇ ಒಂದನ್ನು ಬರೆದರು. ಅದು ಇರುವೆಯ ಹಾಗಿತ್ತು.

ಮಸುಕಾದ ಕಿಟಕಿಗೆ ಅವರೇ ಹೊಸ ಗಾಜು ಕೂಡಿಸಿದರು. "ಇದು ನಿನ್ನ ಡಾಕ್ಟರು, ಮಿಸ್ತ್ರಿ. ಇದು ಮಂಜಾದರೆ ಎಲ್ಲೋ ತಪ್ಪಾಗ್ತಾ ಇದೆ ಅಂತ ತಿಳಿ." ಮಳೆಗಾಲ ಕಳೆದು ಹೋಗಿ ನೋಡಿದಾಗ ಆ ಗಾಜಿನಾಚೆ ಎದುರು ಮನೆಯ ಮಹಡಿಯಲ್ಲಿ ಒಣಹಾಕಿದ ಸೀರೆಯ ಅಂಚು ಕಾಣುತ್ತಿತ್ತು. ಕೆಮ್ಮು ಪೂರ್ತಿ ಹೋಗಲಿಲ್ಲ, ಕಡಿಮೆಯಾಯಿತು. ಗಲ್ಲಿಯ ಇನ್ನೂ ಮೂರ್ನಾಲ್ಕು ಕೋಣೆಗಳಲ್ಲಿ ಹಂಡೆಯ ನೀರು ಕುದಿಯತೊಡಗಿತ್ತು. ಇದನ್ನು ಬರೆದು ಎಲ್ಲಿಗಾದರೂ ಕಳಿಸೋಣ ಎಂದೆ. ಮಾವ ಬೇಡವೆಂದು ತಲೆಯಾಡಿಸಿದರು. "ಬಿಸಿ ನೀರಲ್ಲಿ ಕರಗತದೆ ಅಂತ ಪುಸ್ತಕದಲ್ಲಿ ಮೊದಲೇ ಉಂಟಲ್ಲ. ಗಲ್ಲಿಗೆ ಬಂದಿರಲಿಲ್ಲ ಅಷ್ಟೇ."

ನನ್ನ ಪದವಿ ಮುಗಿದು ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ಅವರು ನಿವೃತ್ತರಾದ ಮರುವರ್ಷದ ಚಳಿಗಾಲದಲ್ಲಿ ಅತ್ತೆಯ ಫೋನ್ ಬಂತು. ಬೆಳಿಗ್ಗೆ ಸ್ನಾನಕ್ಕೆ ಹೋಗಿ ಬಂದವರು ಎದೆ ಹಿಡಿದುಕೊಂಡು ಕೂತರಂತೆ, ಏಳಲಿಲ್ಲವಂತೆ. ನಾನು ರೈಲು ಹಿಡಿದು ತಲುಪುವಷ್ಟರಲ್ಲಿ ಹರಿಶ್ಚಂದ್ರ ಘಾಟಿನಲ್ಲಿ ಎಲ್ಲ ಮುಗಿದು ದಿನಗಳಾಗಿದ್ದವು. ಕೇದಾರದ ಮೆಟ್ಟಿಲ ಬಳಿ ಉತ್ತರಕ್ರಿಯೆ ನಡೆಯುತ್ತಿತ್ತು. ಮಗ ಕರ್ಮಕ್ಕೆ ಕೂತಿದ್ದ, ಮಾವನ ತಮ್ಮ ಮಾಡಿಸುತ್ತಿದ್ದರು. ನಾನು ಅತ್ತೆಯ ಪಕ್ಕ, ಸ್ವಲ್ಪ ದೂರ ಕೂತಿದ್ದೆ.

ಮಗನ ಸರದಿ ಮುಗಿದ ಮೇಲೆ ಮಾವನ ತಮ್ಮ ತಲೆಯೆತ್ತಿ ನನ್ನನ್ನು ಕರೆದರು. "ನೀನು ದೂರದಿಂದ ಬಂದವಳು. ನಿನ್ನ ಹೆಸರು ಹೇಳಮ್ಮ, ನಿನ್ನ ಪರವಾಗಿ ಒಂದು ಬೊಗಸೆ ಎಳ್ಳುನೀರು ನಾನೇ ಬಿಡ್ತೇನೆ. ಅಣ್ಣ ನಿನಗೆ ಏನಾಗಬೇಕು? ಸಂಬಂಧ ಹೇಳಬೇಕಾಗತದೆ."

ಮಾವ ಎನ್ನಲು ಬಾಯಿ ತೆರೆದೆ. ಅದು ಕರೆಯುವ ಹೆಸರು, ನಿಜವಾದ ಸಂಬಂಧವಲ್ಲ ಎನ್ನಿಸಿತು.

"ಗುರು," ಎಂದೆ.

"ಅಣ್ಣ ಕ್ಲಾಸಿಗೆ ಹೋಗಿ ಪಾಠ ಹೇಳಿದವನಲ್ಲವಲ್ಲ. ಶೀಶೆ ಎತ್ತಿ ಕೊಡುವ ಕೆಲಸ."

"ನನಗೆ ಹೇಳಿದ್ದಾರೆ," ಎಂದೆ.

ಪಕ್ಕದಲ್ಲಿ ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡು, ಮೈದುನನ ಕಡೆ ನೋಡಿ ಹೌದೆಂಬಂತೆ ತಲೆಯಾಡಿಸಿದರು. ಮಾವನ ತಮ್ಮ ದರ್ಭೆ ಸರಿಮಾಡಿಕೊಂಡು, ಬೊಗಸೆಯಲ್ಲಿ ಎಳ್ಳು ಹಾಕಿ ನೀರು ತುಂಬಿಕೊಂಡರು. ಮಂತ್ರದ ನಡುವೆ, ಅಣ್ಣನ ಹೆಸರಿನ ಹಿಂದೆ, ಆ ಪದವನ್ನು ಎಲ್ಲರಿಗೂ ಕೇಳುವ ಹಾಗೆ ಬಿಡಿಸಿ ಹೇಳಿದರು.